ರೋಲ್ಯಾಂಡ್ ಜೆಸಿ-120 ಗಿಟಾರ್ ಆಂಪ್ಲಿಫೈಯರ್‌ನ ಗುಣದೋಷಗಳೇನು?

1975ರಲ್ಲಿ ಬಂದ ಜೆಸಿ-120, ವಾಲ್ವ್‌ಗಳಿಲ್ಲದ (ಹಳೆಯ ಬಗೆಯ ಗಾಜಿನ ನಿರ್ವಾತ ಕೊಳವೆಗಳಿಲ್ಲದ) ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಇದರಲ್ಲಿ ತಲಾ 60 ವಾಟ್‌ನ ಎರಡು ಪವರ್ ಆಂಪ್‌ಗಳು 12 ಇಂಚಿನ ಒಂದೊಂದು ಸ್ಪೀಕರನ್ನು ಪ್ರತ್ಯೇಕವಾಗಿ ನಡೆಸುತ್ತವೆ. ಇದರ ಖ್ಯಾತಿಗೆ ಮುಖ್ಯ ಕಾರಣ ಕೋರಸ್ ಎಂಬ ಪರಿಣಾಮ: ಒಂದು ಸ್ಪೀಕರಿನಿಂದ ಮೂಲ ನಾದವೂ, ಇನ್ನೊಂದರಿಂದ ತುಸು ತಡವಾಗಿ, ಶ್ರುತಿಯಲ್ಲಿ ಸೂಕ್ಷ್ಮವಾಗಿ ಏರಿಳಿಯುವ ಅದೇ ನಾದವೂ ಹೊರಟು ಎರಡೂ ಗಾಳಿಯಲ್ಲೇ ಬೆರೆಯುವುದರಿಂದ, ಒಂದೇ ಸ್ಪೀಕರಿನ ಕೋರಸ್‌ಗೆ ಬಾರದ ವಿಸ್ತಾರ ಇಲ್ಲಿ ಕೇಳಿಸುತ್ತದೆ. ಈ ಬೆರಕೆಯ ಸೊಗಸು ಕೇಳುಗ ನಿಂತ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದೇ ಮೈಕ್ ಇಟ್ಟು ಧ್ವನಿಮುದ್ರಿಸಿದರೆ ಅದರ ಬಹುಪಾಲು ಕಳೆದುಹೋಗುತ್ತದೆ. ಧ್ವನಿಯನ್ನು ಜೋರಾಗಿಸಿದರೂ ನಾದ ಸ್ವಚ್ಛವಾಗಿರುವುದರಿಂದ ಇದು ಪೆಡಲ್‌ಗಳಿಗೆ (ನಾದವನ್ನು ಮಾರ್ಪಡಿಸುವ, ಕಾಲಿನಿಂದ ಒತ್ತುವ ಉಪಕರಣಗಳಿಗೆ) ಒಳ್ಳೆಯ ತಳಹದಿ. ಆದರೆ ಇದರದೇ ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒಡೆದಂತೆ ಕೇಳಿಸುವ ಪರಿಣಾಮ) ಒರಟಾಗಿದ್ದು, ನನ್ನ ಮಟ್ಟಿಗೆ ಅದು ಇಲ್ಲದಿದ್ದರೂ ನಷ್ಟವಿರಲಿಲ್ಲ. ಹಿನ್ನೆಲೆಯ ಸಣ್ಣ ಮೊರೆತ ಮತ್ತು ಸುಮಾರು 28 ಕಿಲೋಗ್ರಾಂ ತೂಕವನ್ನಂತೂ ಸಹಿಸಿಕೊಳ್ಳಲೇಬೇಕು.