ಮೂತ್ರಕ್ಕೆ ಸಾಕಾದ ಡೋಸು ಶ್ವಾಸಕೋಶಕ್ಕೆ ಸಾಲದು

(ಕಾಲು ಮುರಿದು ಆಸ್ಪತ್ರೆ ಸೇರಿದ ಅಣ್ಣನಿಗೆ ಐದನೇ ದಿನ ನ್ಯುಮೋನಿಯಾ ಆಯಿತು, ವೆಂಟಿಲೇಟರ್ ಹಾಕಿದರು, ಕೊನೆಗೆ ಕೊಟ್ಟದ್ದು ಕೊಲಿಸ್ಟಿನ್ ಎಂಬ ಅಜ್ಜನ ಕಾಲದ ಮದ್ದು. ಇಷ್ಟೊಂದು ಕಂಪನಿಗಳಿದ್ದೂ ಹೊಸದು ಯಾಕಿಲ್ಲ? – ಕುಮಟಾದ ಓದುಗರೊಬ್ಬರು)

ಹೊಸದು ಇಲ್ಲವೆಂದಲ್ಲ. ಐಸಿಯುಗಳನ್ನು ಕಾಡುವ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಕ್ಕೆಂದೇ ತಯಾರಾದ ಸಲ್ಬ್ಯಾಕ್ಟಮ್-ಡರ್ಲೋಬ್ಯಾಕ್ಟಮ್ ಎಂಬ ಮದ್ದಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪ್ರಯೋಗದಲ್ಲಿ 28 ದಿನದೊಳಗೆ ತೀರಿಕೊಂಡವರು ಈ ಮದ್ದು ಪಡೆದ ಗುಂಪಿನಲ್ಲಿ ಶೇ 19, ಕೊಲಿಸ್ಟಿನ್ ಗುಂಪಿನಲ್ಲಿ ಶೇ 32. ಕಿಡ್ನಿಗೆ ಪೆಟ್ಟು ಬಿದ್ದದ್ದೂ ಕಡಿಮೆ. ಆದರೆ ಈ ಸಾವಿನ ಲೆಕ್ಕ ನಿಂತಿರುವುದು ಬರೀ 125 ರೋಗಿಗಳ ಮೇಲೆ. 16 ದೇಶಗಳ 59 ಕಡೆ ಹುಡುಕಿ ಸಿಕ್ಕವರಲ್ಲಿ ಈ ಲೆಕ್ಕಕ್ಕೆ ಒದಗಿದವರು ಅಷ್ಟೇ. ಹಾಗಾಗಿ ‘ಕೊಲಿಸ್ಟಿನ್‌ಗಿಂತ ಕಡಿಮೆಯಲ್ಲ’ ಎಂದು ಸಾಬೀತಾಯಿತೇ ಹೊರತು ‘ಮೇಲು’ ಎನ್ನಲು ಸಂಖ್ಯೆ ಸಾಲಲಿಲ್ಲ.

ರೋಗಿಗಳೇನೋ ತುಂಬಿದ್ದಾರೆ, ಪ್ರಯೋಗಕ್ಕೆ ಸಲ್ಲುವವರು ಸಿಗುವುದಿಲ್ಲ. ಸಾಮಾನ್ಯ ಷರತ್ತು ಹೀಗಿರುತ್ತದೆ: ಆಸ್ಪತ್ರೆ ಸೇರಿ 48 ಗಂಟೆ ಕಳೆದ ಮೇಲೆ ಶುರುವಾದ ನ್ಯುಮೋನಿಯಾ ಆಗಿರಬೇಕು, ಎಕ್ಸ್‌ರೇಯಲ್ಲಿ ಹೊಸ ಕಲೆ ಕಾಣಬೇಕು, ಹಿಂದಿನ 72 ಗಂಟೆಗಳಲ್ಲಿ ಸರಿಯಾದ ಆ್ಯಂಟಿಬಯೋಟಿಕ್ 24 ಗಂಟೆಗಿಂತ ಹೆಚ್ಚು ಹೋಗಿರಬಾರದು. ಹೋಗಿದ್ದರೆ ಗುಣವಾದದ್ದು ಯಾವುದರಿಂದ ಎಂದು ಹೇಳುವವರ್‍ಯಾರು? ನಮ್ಮ ಜಿಲ್ಲೆಯ ರೋಗಿ ಇಲ್ಲಿ ಎರಡು ದಿನ ಇಂಜೆಕ್ಷನ್ ತೆಗೆದುಕೊಂಡು, ಆಮೇಲೆ ಆಂಬುಲೆನ್ಸ್‌ನಲ್ಲಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಮೊದಲ ಮದ್ದು ನಾಟಲೇ ಇಲ್ಲ ಎಂದಾದವರಿಗೆ ಮಾತ್ರ ವಿನಾಯಿತಿ. ಬಾಯಲ್ಲಿ ನಳಿಕೆ ಇರುವವರು ಸಹಿ ಹಾಕುವಂತಿಲ್ಲ. ಒಪ್ಪಿಗೆ ಕೊಡಬೇಕಾದವರು ಹೊರಗೆ ವರಾಂಡದಲ್ಲಿ ನಿದ್ದೆಗೆಟ್ಟು ಕೂತ ಮನೆಯವರು.

ಇನ್ನೊಂದು ತೊಡಕು ಶ್ವಾಸಕೋಶದ್ದೇ. ರಕ್ತದಲ್ಲಿ ಬೇಕಾದಷ್ಟಿರುವ ಮದ್ದು ಗಾಳಿಚೀಲದ ಒಳಮೈಯ ತೆಳು ದ್ರವಕ್ಕೆ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅದನ್ನು ಅಳೆಯಲು ಆರೋಗ್ಯವಂತ ಸ್ವಯಂಸೇವಕರಿಗೆ ಡೋಸ್ ಕೊಟ್ಟು, ಶ್ವಾಸನಾಳದೊಳಗೆ ಬ್ರಾಂಕೋಸ್ಕೋಪ್ ಎಂಬ ನಳಿಕೆ ಇಳಿಸಿ, ಸಲೈನ್ ಬಿಟ್ಟು ಹೀರಿ ತೆಗೆಯುತ್ತಾರೆ. ಸಲೈನ್‌ನಿಂದ ದ್ರವ ಎಷ್ಟು ತೆಳುವಾಯಿತು ಎಂಬುದನ್ನು ಯೂರಿಯಾ ಹೇಳುತ್ತದೆ. ಯೂರಿಯಾ ರಕ್ತದಲ್ಲೂ ಆ ದ್ರವದಲ್ಲೂ ಒಂದೇ ಸಮ ಇರುವುದರಿಂದ ಎರಡನ್ನೂ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಸೆಫ್ಟೊಲೊಝೇನ್-ಟಾಝೊಬ್ಯಾಕ್ಟಮ್ ಎಂಬ ಆ್ಯಂಟಿಬಯೋಟಿಕ್ ಮೂತ್ರದ ಸೋಂಕಿಗೆ 8 ಗಂಟೆಗೊಮ್ಮೆ 1.5 ಗ್ರಾಂ ಸಾಕು. ನ್ಯುಮೋನಿಯಾಕ್ಕೆ 3 ಗ್ರಾಂ ಬೇಕು. ಡ್ಯಾಪ್ಟೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್‌ನ ಕಥೆ ಇನ್ನೂ ವಿಚಿತ್ರ. ಗಾಳಿಚೀಲ ಮುದುಡದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡೇ ಅದನ್ನು ಕಟ್ಟಿಹಾಕಿತು. ರಕ್ತದ ಸೋಂಕಿಗೆ ಒಳ್ಳೆಯ ಮದ್ದು, ನ್ಯುಮೋನಿಯಾಕ್ಕೆ ನಿಷ್ಪ್ರಯೋಜಕ.

ದುಡ್ಡಿನ ವಿಷಯಕ್ಕೆ ಒಂದೇ ಉದಾಹರಣೆ ಸಾಕು. ಪ್ಲಾಝೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ 2018ರಲ್ಲಿ ಒಪ್ಪಿಗೆ ಪಡೆದ ಅಕಾವೋಜೆನ್ ಕಂಪನಿ 2019ರಲ್ಲಿ ದಿವಾಳಿ ಎದ್ದಿತು. ಹೊಸ ಮದ್ದನ್ನು ಕೊನೆಯ ಅಸ್ತ್ರವೆಂದು ಕಪಾಟಿನಲ್ಲಿ ಇಡುವುದೇ ಸರಿಯಾದ ವೈದ್ಯಕೀಯ, ಇಟ್ಟರೆ ಮಾರಾಟವಿಲ್ಲ.

ನಿಮ್ಮ ಮನೆಯಿಂದ ಮತ್ತೆ ಯಾರನ್ನಾದರೂ ಬೇರೆ ಊರಿಗೆ ಕರೆದೊಯ್ಯುವ ಪ್ರಸಂಗ ಬಂದರೆ ರೆಫರಲ್ ಚೀಟಿಯಲ್ಲಿ ಇಷ್ಟು ಬರೆಸಿಕೊಳ್ಳಿ: ಆ್ಯಂಟಿಬಯೋಟಿಕ್ ಹೆಸರು, ಡೋಸು, ಮೊದಲ ಇಂಜೆಕ್ಷನ್ ಕೊಟ್ಟ ದಿನ ಮತ್ತು ಗಂಟೆ, ಕಫದ ಕಲ್ಚರ್ (ಕಫದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ಕಳಿಸಿದ್ದು ಅದಕ್ಕೆ ಮೊದಲೋ ಆಮೇಲೋ. ಕಲ್ಚರ್ ವರದಿ ಬರಲು ಎರಡು-ಮೂರು ದಿನ ಬೇಕು, ಆದ್ದರಿಂದ ಲ್ಯಾಬಿನ ಫೋನ್ ನಂಬರನ್ನೂ ಕೇಳಿ ಇಟ್ಟುಕೊಳ್ಳಿ.