ಕೆಲಸ ಚೆನ್ನಾಗಿದ್ದರೆ ಹೆಸರು ತಾನಾಗಿಯೇ ಬರುತ್ತಾ?

ಬರುವುದಿಲ್ಲ. ದೊಡ್ಡ ಆಫೀಸಿನಲ್ಲಿ ಆರ್ಕಿಟೆಕ್ಟ್ ಆಗಿ ನಾಲ್ಕು ವರ್ಷ ಆಯ್ತು, ಹೆಸರು ಬರೋವರೆಗೆ ಇಲ್ಲೇ ಇರಲಾ, ಸ್ವಂತ ಆಫೀಸ್ ತೆರೆಯಲಾ ಅಂತ ಕೇಳಿದ್ದೀರಿ. ನಾನು ಅದೇ ನಂಬಿಕೆಯಲ್ಲಿ ಏಳು ವರ್ಷ ಕಾದವಳು.

ಕೊನೆಯ ಎರಡು ವರ್ಷ ಒಂದು ಶಾಲೆಯ ಕಟ್ಟಡ ಮಾಡಿದೆ. ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆ), ಮೆಟ್ಟಿಲಿನ ಡೀಟೇಲ್, ಎಲ್ಲ ನನ್ನದೇ. ವಾರಕ್ಕೆರಡು ಸಲ ಸೈಟಿಗೆ ಹೋಗುತ್ತಿದ್ದೆ. ಮೇಸ್ತ್ರಿಗೆ ಏನೇ ಅನುಮಾನ ಬಂದರೂ ಫೋನ್ ನನಗೇ ಬರುತ್ತಿತ್ತು.

ನಾನು ಮಾಡಿದ ತಪ್ಪು ತುಂಬಾ ಚಿಕ್ಕದು. ನಕ್ಷೆ ಹಾಳೆಯ ಬಲಗಡೆ ಕೆಳಗಿನ ಟೈಟಲ್ ಬ್ಲಾಕಿನಲ್ಲಿ, ಅಂದರೆ ವಿವರ ತುಂಬುವ ಚೌಕದಲ್ಲಿ, 'ಡ್ರಾನ್ ಬೈ' (ಬರೆದವರು), 'ಚೆಕ್ಡ್ ಬೈ' (ಪರಿಶೀಲಿಸಿದವರು) ಅಂತ ಎರಡು ಜಾಗ ಇರುತ್ತವೆ ಅಲ್ವಾ? ನಮ್ಮ ಟೆಂಪ್ಲೇಟಿನಲ್ಲಿ ಎರಡರಲ್ಲೂ ಸೀನಿಯರ್ ಇನಿಷಿಯಲ್ ಮೊದಲೇ ತುಂಬಿತ್ತು. ತಿದ್ದಲು ಹತ್ತು ಸೆಕೆಂಡ್ ಸಾಕು. ಯಾರೂ ಬೇಡ ಅಂದಿರಲಿಲ್ಲ. ಆದರೂ ತಿದ್ದಲಿಲ್ಲ. ಇವಳಿಗೆ ಈಗಲೇ ಹೆಸರಿನ ಆಸೆ ಅಂತ ಅಂದುಕೊಂಡಾರು ಅನ್ನೋ ಸಂಕೋಚ. ರಿವಿಷನ್ ಬಂದಾಗಲೆಲ್ಲ ಹಳೇ ಹಾಳೆಯನ್ನೇ ಕಾಪಿ ಮಾಡಿದೆ, ಅದರ ಜೊತೆ ಆ ಇನಿಷಿಯಲ್ಲೂ ಕಾಪಿ ಆಗುತ್ತಾ ಹೋಯಿತು. ಕೆಲಸ ಬಿಡುವಾಗ ಕೊಟ್ಟ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ ಅಷ್ಟೇ ಇತ್ತು. ಪ್ರಾಜೆಕ್ಟುಗಳ ಪಟ್ಟಿ ಹಾಕಿಕೊಡಿ ಅಂತ ಕೇಳಲು ನನಗೆ ಹೊಳೆಯಲೇ ಇಲ್ಲ.

ಮುಂದೆ ಒಂದು ಟ್ರಸ್ಟಿನವರು ಶಾಲೆ ಕಟ್ಟಿಸಲು ನನ್ನನ್ನು ಕರೆದರು. ಹಿಂದಿನ ಶಾಲೆ ನನ್ನದೇ ಅಂದೆ. ಅವರು ಹಳೇ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದರು. "ಡ್ರಾಫ್ಟಿಂಗಿಗೆ ಸಹಾಯ ಮಾಡಿದ್ದರು" ಅಂತ ಉತ್ತರ ಬಂತು, ಅಂದರೆ ಬೇರೆಯವರ ವಿನ್ಯಾಸಕ್ಕೆ ನಕ್ಷೆ ಬರೆದುಕೊಟ್ಟವಳು ಅಷ್ಟೇ. ಇಲ್ಲ ಅನ್ನಲು ನನ್ನ ಹತ್ತಿರ ನನ್ನ ಹೆಸರಿದ್ದ ಒಂದೇ ಒಂದು ಹಾಳೆಯೂ ಇರಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಆರ್ಕಿಟೆಕ್ಟ್ ಯೂಲಿ ಚೌಧರಿ ಬಗ್ಗೆ ನಾನು ಓದಿದ್ದು ಅದಾದ ಮೇಲೆ. ಕಾಲೇಜಿನ ಟೂರಿನಲ್ಲಿ ಚಂಡೀಗಢ ನೋಡಿ ಬಂದಿದ್ದೆ, ಸ್ಕೆಚ್ ಪುಸ್ತಕದ ತುಂಬಾ ಆ ಊರನ್ನು ಯೋಜಿಸಿದ ವಿದೇಶಿ ಆರ್ಕಿಟೆಕ್ಟ್ ಲೆ ಕಾರ್ಬುಸಿಯೆ ಹೆಸರೇ. ಊರ್ಮಿಳಾ ಯೂಲಿ ಚೌಧರಿ 1923ರಲ್ಲಿ ಹುಟ್ಟಿದವರು. ಸಿಡ್ನಿಯಲ್ಲಿ ಆರ್ಕಿಟೆಕ್ಚರ್ ಓದಿ, 1951ರಲ್ಲಿ ಚಂಡೀಗಢವನ್ನು ಹೊಸದಾಗಿ ಕಟ್ಟುತ್ತಿದ್ದ ತಂಡ ಸೇರಿದರು. ಫ್ರೆಂಚ್ ಚೆನ್ನಾಗಿ ಬರುತ್ತಿದ್ದರಿಂದ ಕಾರ್ಬುಸಿಯೆಗೂ ಸರ್ಕಾರಕ್ಕೂ ನಡುವಿನ ಮಾತುಕತೆ ಅವರ ಮೂಲಕ ಸಾಗುತ್ತಿತ್ತು. ಅಲ್ಲಿನ ಹೋಮ್ ಸೈನ್ಸ್ ಕಾಲೇಜು, ಮಹಿಳಾ ಪಾಲಿಟೆಕ್ನಿಕ್ ಅವರ ವಿನ್ಯಾಸ. ಆ ಊರಿಗಾಗಿ ಮಾಡಿದ ಕುರ್ಚಿ, ಮೇಜುಗಳಲ್ಲೂ ಅವರ ಕೈ ಇದೆ. ಅದೇ ಪೀಠೋಪಕರಣಗಳು ಇವತ್ತು ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಹೋಗುತ್ತವೆ, ಜಾಸ್ತಿ ಅದೇ ತಂಡದಲ್ಲಿದ್ದ ಕಾರ್ಬುಸಿಯೆಯ ಸೋದರ ಸಂಬಂಧಿ, ಆರ್ಕಿಟೆಕ್ಟ್ ಪಿಯರ್ ಜಾನ್ನರೆ ಹೆಸರಿನಲ್ಲೇ. ಇದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಅಂಥವರ ಕೆಲಸವೂ ಬೇರೆಯವರ ಹೆಸರಿಗೆ ಸೇರಿಹೋಗುತ್ತದೆ ಅಂದರೆ, ನಮ್ಮದು ತಾನಾಗಿ ಉಳಿಯುತ್ತದೆ ಅಂತ ಹೇಗೆ ನಂಬೋದು?

ಹಾಗಂತ ಸ್ವಂತ ಆಫೀಸೇ ದಾರಿ ಅಂತ ನಾನು ಹೇಳುವುದಿಲ್ಲ. ಯೂಲಿ ಬಹುಪಾಲು ದುಡಿದದ್ದು ಸರ್ಕಾರಿ ಆಫೀಸಿನಲ್ಲೇ. 1963ರಿಂದ 65ರವರೆಗೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನ ನಿರ್ದೇಶಕರಾಗಿದ್ದರು. ಹರಿಯಾಣಕ್ಕೆ, ಆಮೇಲೆ 1976ರಿಂದ 81ರವರೆಗೆ ಪಂಜಾಬಿಗೆ ಮುಖ್ಯ ಆರ್ಕಿಟೆಕ್ಟ್ ಆದರು. ಹಾಗಾಗಿ ಇರಲಾ, ಬಿಡಲಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅನಿಸಿಕೆ. ನಾಲ್ಕು ವರ್ಷದ ಕೆಲಸ ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಇವತ್ತು ನಿಮ್ಮ ಹೆಸರಿನಲ್ಲಿ ಯಾವ ಕೆಲಸವೂ ಇಲ್ಲದೆ ಹೊರಗೆ ಬಂದರೆ, ನನ್ನ ಹಾಗೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ.

ಮಾಡಿದ ಪ್ರಾಜೆಕ್ಟುಗಳು, ಒಂದೊಂದರಲ್ಲೂ ನೀವು ವಹಿಸಿದ ಪಾತ್ರ, ಇಷ್ಟನ್ನು ಬರೆದು ಬಾಸ್‌ಗೆ ಒಂದು ಮೇಲ್ ಕಳಿಸಿ, ಒಪ್ಪಿಗೆಯ ಉತ್ತರ ಪಡೆಯಿರಿ. ಕೆಲಸದಲ್ಲಿ ಇರುವಾಗಲೇ ಕೇಳಿ, ಬಿಟ್ಟ ಮೇಲೆ ಯಾರೂ ಕೊಡುವುದಿಲ್ಲ. ಮತ್ತೆ, ಇವತ್ತು ಸಂಜೆ ಕಂಪ್ಯೂಟರ್ ಆಫ್ ಮಾಡುವ ಮುಂಚೆ, ತೆರೆದಿರುವ ಹಾಳೆಯ ಬಲಗಡೆ ಕೆಳಗೆ ಯಾರ ಇನಿಷಿಯಲ್ ಇದೆ ಅಂತ ನೋಡಿ.