ಪ್ರತಿಕ್ರಿಯೆ: ಶಿಕಾಗೋದ ಪಿಕಾಸೋ ಶಿಲ್ಪದ ತುಕ್ಕಿನ ಬಣ್ಣ

ಶಿಕಾಗೋದ ಡೇಲಿ ಪ್ಲಾಜಾದಲ್ಲಿರುವ ಪಿಕಾಸೋ ಶಿಲ್ಪ ತುಕ್ಕು ಹಿಡಿದಂತಿರುವುದು ನಿರ್ಲಕ್ಷ್ಯದಿಂದಲೇ ಎಂದು ತಾವು ಕೇಳಿದ್ದೀರಿ. ಅಲ್ಲ, ಆ ಬಣ್ಣ ಉದ್ದೇಶಪೂರ್ವಕವಾದುದು. ಸುಮಾರು 50 ಅಡಿ ಎತ್ತರದ, 160 ಟನ್ನಿಗೂ ಹೆಚ್ಚು ತೂಕದ ಈ ಕೃತಿಗೆ ಬಳಸಿರುವುದು ಕಾರ್‌ಟೆನ್ ಎಂಬ ಉಕ್ಕು. ತಾಮ್ರ, ಕ್ರೋಮಿಯಂಗಳು ಅಲ್ಪ ಪ್ರಮಾಣದಲ್ಲಿ ಸೇರಿರುವ ಈ ಲೋಹದ ಮೇಲೆ ಮಳೆ ಬಿಸಿಲುಗಳಿಂದ ಮೂಡುವ ತುಕ್ಕಿನ ಪದರವು ಸಾಮಾನ್ಯ ಕಬ್ಬಿಣದ ತುಕ್ಕಿನಂತೆ ಉದುರದೆ ಗಟ್ಟಿಯಾಗಿ ಅಂಟಿಕೊಂಡು, ಒಳಗಿನ ಉಕ್ಕನ್ನು ಮತ್ತಷ್ಟು ಸವೆಯದಂತೆ ಕಾಯುತ್ತದೆ. ಹಿಂದಿರುವ ಕಟ್ಟಡದ ಹೊರಮೈಯೂ ಅದೇ ಉಕ್ಕಿನದು ಎಂಬುದನ್ನು ಗಮನಿಸಿದರೆ ಎರಡರ ಹೊಂದಾಣಿಕೆ ತಾನೇ ತಿಳಿಯುತ್ತದೆ.

ಕಲಾವಿದರ ಬಗ್ಗೆಯೂ ಕೇಳಿದ್ದೀರಿ. ಪಿಕಾಸೋ ಅಮೆರಿಕಕ್ಕೆ ಒಮ್ಮೆಯೂ ಹೋದವರಲ್ಲ. ಫ್ರಾನ್ಸಿನಲ್ಲಿ ಅವರು ಮಾಡಿಕೊಟ್ಟ ಸಣ್ಣ ಮಾದರಿಯನ್ನು ಆಧರಿಸಿ ಇಂಡಿಯಾನಾದ ಗ್ಯಾರಿ ಪಟ್ಟಣದಲ್ಲಿ ಭಾಗಗಳನ್ನು ತಯಾರಿಸಲಾಯಿತು. 1967ರ ಆಗಸ್ಟ್ 15ರಂದು (ನಮಗೆ ಮರೆಯಲಾಗದ ದಿನಾಂಕವೇ!) ಅದರ ಅನಾವರಣವಾಯಿತು. ನೀಡಲು ಮುಂದಾದ 1,00,000 ಡಾಲರ್ ಸಂಭಾವನೆಯನ್ನು ಅವರು ನಿರಾಕರಿಸಿ, ಕೃತಿಯನ್ನು ನಗರದ ಜನರಿಗೆ ಕೊಡುಗೆಯಾಗಿ ಕೊಟ್ಟರು. ಹೆಸರನ್ನು ಮಾತ್ರ ಇಡಲಿಲ್ಲ. ಹಾಗಾಗಿಯೇ ಅದು ಹೆಣ್ಣಿನ ತಲೆಯೋ, ನಾಯಿಯೋ, ಬಬೂನೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಎದುರಿನಿಂದ ನೋಡಿದಾಗ ನನಗೆ ಹೆಣ್ಣಿನ ಮುಖವೇ ಕಾಣುತ್ತದೆ, ಪಕ್ಕಕ್ಕೆ ಸರಿದರೆ ಆ ಖಚಿತತೆ ಉಳಿಯುವುದಿಲ್ಲ.

ತಾವು ಹೋದಾಗ ಅದರ ಇಳಿಜಾರಿನ ಬುಡದ ಮೇಲೆ ಮಕ್ಕಳು ಜಾರುತ್ತಿದ್ದರೆ ಗಾಬರಿಯಾಗಬೇಡಿ. ಅಲ್ಲಿ ಅದು ರೂಢಿ.